ಉಕ್ಕಿನ ಹದ, ಮುದ್ರೆಯ ಮಾತು

ಮನೆಯೆಂದ ಮೇಲೆ ಒಂದು ಸುತ್ತಿಗೆ, ಒಂದು ಗರಗಸ, ಒಂದೆರಡು ಉಳಿ, ಒಂದು ಸ್ಕ್ರೂಡ್ರೈವರ್ ಇರಲೇಬೇಕು. ಕಿಟಕಿಯ ಚಿಲಕ ಸಡಿಲವಾದಾಗಲೆಲ್ಲ ಬಡಗಿಯನ್ನು ಹುಡುಕಿಕೊಂಡು ಹೋಗಲಾದೀತೆ? ಆದರೆ ಅಂಗಡಿಗೆ ಹೋದರೆ ಒಂದೇ ಅಳತೆಯ, ಒಂದೇ ಹೊಳಪಿನ ಎರಡು ಉಳಿಗಳನ್ನು ನಮ್ಮ ಮುಂದಿಡುತ್ತಾರೆ. ಒಂದರ ಬೆಲೆ ಇನ್ನೊಂದರ ಮೂರರಷ್ಟು. ಕಣ್ಣಿಗೆ ಕಾಣುವ ವ್ಯತ್ಯಾಸವೇನೂ ಇಲ್ಲ. ಮನೆಗೆ ತಂದು ತೇಗದ ಗಂಟಿನ ಮೇಲಿಟ್ಟು ಹೊಡೆದಾಗಲೇ ಒಂದರ ಬಾಯಿ ಮಡಿಚಿಕೊಳ್ಳುತ್ತದೆ, ಇನ್ನೊಂದು ನಿಲ್ಲುತ್ತದೆ. ಕಾಣದ ಈ ಗುಣವನ್ನು ಕೊಳ್ಳುವವನು ಮೊದಲೇ ತಿಳಿಯುವುದು ಹೇಗೆ? ಕೈ ಉಪಕರಣಗಳ ಚರಿತ್ರೆಯಲ್ಲಿ ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ.

ಹಿಂದೆ ಇದಕ್ಕೆ ಊರ ಕಮ್ಮಾರನೇ ಉತ್ತರವಾಗಿದ್ದ. ಉಳಿ ಕೆಟ್ಟರೆ ಅವನ ಕುಲುಮೆಯ ಮುಂದೆಯೇ ಹೋಗಿ ನಿಂತು ಕೇಳಬಹುದಾಗಿತ್ತು. ಅವನ ಕೈಯ ಗುಟ್ಟೆಲ್ಲ ಹದದಲ್ಲಿತ್ತು. ಕೆಂಪಗೆ ಕಾಯಿಸಿದ ಉಕ್ಕನ್ನು ನೀರಿಗೆ ಅದ್ದಿದರೆ ಅದು ಬಲು ಗಡುಸಾಗುತ್ತದೆ. ಆದರೆ ಗಾಜಿನಂತೆ ಸಿಡಿಯುತ್ತದೆ. ಆದುದರಿಂದ ಅದನ್ನು ಮತ್ತೆ ಮೆಲ್ಲನೆ ಕಾಯಿಸಬೇಕು. ಸುಮಾರು 230 ಡಿಗ್ರಿ ಸೆಂಟಿಗ್ರೇಡಿನಲ್ಲಿ ಉಜ್ಜಿದ ಉಕ್ಕಿನ ಮೈ ಒಣಹುಲ್ಲಿನ ಹಳದಿಗೆ ತಿರುಗುತ್ತದೆ. 300ರ ಹೊತ್ತಿಗೆ ನೀಲಿಯಾಗುತ್ತದೆ. ಹಳದಿಯಲ್ಲಿ ನಿಲ್ಲಿಸಿದ ಉಕ್ಕು ಹರಿತವನ್ನು ಕಾಯುತ್ತದೆ. ನೀಲಿಗೆ ಬಂದದ್ದು ಸ್ಪ್ರಿಂಗಿನಂತೆ ಬಾಗಿ ಏಳುತ್ತದೆ. ಉಳಿಗೆ ನೀಲಿ ಬಂತೆಂದರೆ ಹದ ಮೀರಿತೆಂದೇ ಅರ್ಥ.

ಹದ ಕೂರಬೇಕಾದರೆ ಉಕ್ಕೂ ಒಳ್ಳೆಯದಿರಬೇಕು. ಈ ವಿಷಯದಲ್ಲಿ ನಮ್ಮ ನಾಡು ಹಿಂದೆ ಬಿದ್ದಿರಲಿಲ್ಲ. 1800ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್, ಇಲ್ಲಿನವರು ಕಬ್ಬಿಣವನ್ನು ತಂಗಡಿ ಗಿಡದ ಕಡ್ಡಿಯೊಡನೆ ಮಣ್ಣಿನ ಮೂಸೆಯಲ್ಲಿ ಮುಚ್ಚಿ ಕಾಯಿಸಿ ಉಕ್ಕು ಮಾಡುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ದಕ್ಷಿಣ ಭಾರತದ ಇಂಥ ಉಕ್ಕನ್ನು ಯೂರೋಪಿನವರು 'ವೂಟ್ಸ್' ಎಂದರು. ಈ ಹೆಸರು ನಮ್ಮ 'ಉಕ್ಕು' ಎಂಬ ಮಾತಿನಿಂದಲೇ ಹುಟ್ಟಿತೆಂದು ವಿದ್ವಾಂಸರು ಹೇಳುತ್ತಾರೆ. 1795ರಲ್ಲಿ ಜಾರ್ಜ್ ಪಿಯರ್ಸನ್ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಇದರ ಮೇಲೆ ಪ್ರಬಂಧ ಓದಿದ. ಮುಂದೆ ಮೈಕೆಲ್ ಫ್ಯಾರಡೆಯೂ ಇದರ ಗುಟ್ಟು ಬಿಡಿಸಲು ಹೊರಟ.

ಇತ್ತ ಇಂಗ್ಲೆಂಡಿನಲ್ಲಿ ಬೆಂಜಮಿನ್ ಹಂಟ್ಸ್‌ಮನ್ ಎಂಬ ಗಡಿಯಾರದ ಕುಶಲಿ, ತನ್ನ ಸ್ಪ್ರಿಂಗುಗಳಿಗೆ ಒಪ್ಪುವ ಉಕ್ಕು ಸಿಗದೆ, 1740ರ ದಶಕದಲ್ಲಿ ಷೆಫೀಲ್ಡ್ ಊರಿನ ಬಳಿ ಮೂಸೆಯಲ್ಲಿ ಉಕ್ಕನ್ನು ಕರಗಿಸಿ ಎರಕ ಹೊಯ್ಯುವ ವಿಧಾನವನ್ನು ಸಾಧಿಸಿದ. ಮುಂದೆ ಷೆಫೀಲ್ಡಿನ ಉಳಿ, ಅರ, ಗರಗಸಗಳು ಲೋಕವೆಲ್ಲ ಹರಡಿದವು. ಆದರೆ ದೂರದ ಊರಿನಲ್ಲಿ ಕೊಳ್ಳುವವನಿಗೆ ಆ ಕಮ್ಮಾರನ ಮುಖ ಕಾಣದು. ಅವನು ನಂಬಬೇಕಾದದ್ದು ಉಕ್ಕಿನ ಮೇಲೆ ಒತ್ತಿದ ಮುದ್ರೆಯನ್ನು. ಅಲ್ಲಿನ ಚೂರಿ-ಕತ್ತರಿ ಮಾಡುವವರ ಸಂಘ 1624ರಲ್ಲೇ ಕಾನೂನಿನಿಂದ ಸ್ಥಾಪಿತವಾಗಿ ಈ ಮುದ್ರೆಗಳನ್ನು ನೋಡಿಕೊಳ್ಳುತ್ತಿತ್ತು.

ಹೆಸರು ಬೆಳೆದಂತೆ ನಕಲಿಯೂ ಬೆಳೆಯಿತು. ಅಗ್ಗದ ಪರದೇಶದ ಸರಕಿನ ಮೇಲೆ ಷೆಫೀಲ್ಡಿನ ಹೆಸರು ಬಿದ್ದು ಮಾರಾಟವಾಗುತ್ತಿದೆಯೆಂದು ಅಲ್ಲಿನವರು ಗೋಳಿಟ್ಟರು. 1887ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು, ಇಂಗ್ಲಿಷ್ ಹೆಸರು ಹೊತ್ತ ಪರದೇಶದ ಸರಕು ತಾನು ಹುಟ್ಟಿದ ದೇಶವನ್ನೂ ಹೇಳಬೇಕೆಂದು ಕಾಯಿದೆ ಮಾಡಿತು. ತಮಾಷೆಯೆಂದರೆ, ಕೀಳೆಂದು ತೋರಿಸಲು ಹಾಕಿಸಿದ 'ಜರ್ಮನಿಯಲ್ಲಿ ತಯಾರಾದದ್ದು' ಎಂಬ ಬರಹವೇ ಕಾಲಕ್ರಮದಲ್ಲಿ ಒಳ್ಳೆಯ ಸರಕಿನ ಗುರುತಾಯಿತು! ಮುದ್ರೆಗೆ ಬೆಲೆ ಬರುವುದು ಅದರ ಹಿಂದಿನ ಕೆಲಸದಿಂದ.

ಮಾಡುವವನೇ ತನ್ನ ಸರಕನ್ನು ಹೊಗಳಿಕೊಂಡರೆ ಸಾಲದು, ಮೂರನೆಯವರು ಪರೀಕ್ಷಿಸಿ ಹೇಳಬೇಕು ಎಂಬ ವಿಚಾರ ಆಮೇಲಿನದು. ನಮ್ಮಲ್ಲಿ 1947ರಲ್ಲಿ ಭಾರತೀಯ ಮಾನಕ ಸಂಸ್ಥೆ ಹುಟ್ಟಿತು. 1952ರ ಕಾಯಿದೆ ಅದಕ್ಕೆ ಮುದ್ರೆ ಕೊಡುವ ಅಧಿಕಾರ ನೀಡಿತು. 1987ರಿಂದ ಆ ಹೊಣೆ ಭಾರತೀಯ ಮಾನಕ ಬ್ಯೂರೋದ್ದಾದರೂ ಜನರ ಬಾಯಲ್ಲಿ ಅದು ಇಂದಿಗೂ ಐ.ಎಸ್.ಐ. ಮುದ್ರೆಯೇ.

ವಿದ್ಯುತ್ ಬಂದಮೇಲೂ ಹಳೆಯ ಪ್ರಶ್ನೆ ಬಿಡಲಿಲ್ಲ. 1917ರಲ್ಲಿ ಅಮೆರಿಕದ ಬ್ಲ್ಯಾಕ್ ಅಂಡ್ ಡೆಕ್ಕರ್ ಕಂಪನಿ, ಪಿಸ್ತೂಲಿನ ಹಿಡಿಯೂ ಕುದುರೆ-ಗುಂಡಿಯೂ ಇರುವ ಡ್ರಿಲ್ಲಿಗೆ ಪೇಟೆಂಟ್ ಪಡೆಯಿತು. 1946ರಲ್ಲಿ ಮನೆಬಳಕೆಯ ಡ್ರಿಲ್ಲುಗಳನ್ನು ಮಾರುಕಟ್ಟೆಗೆ ತಂದಿತು. ಆದರೆ ಯಂತ್ರ ಎಷ್ಟೇ ವೇಗವಾಗಿ ತಿರುಗಲಿ, ಕೊರೆಯುವುದು ತುದಿಯ ಮೊಳೆಯಷ್ಟು ಉಕ್ಕು. ಕಬ್ಬಿಣ ಕೊರೆಯುವಾಗ ಅದು ಕಾದು ನೀಲಿಯಾದರೆ ಸಾಮಾನ್ಯ ಉಕ್ಕಿನ ಹದ ಕೆಡುತ್ತದೆ. ಕಾದರೂ ಹರಿತ ಬಿಡದ ಉಕ್ಕನ್ನು ಟೇಲರ್ ಮತ್ತು ವೈಟ್ ಎಂಬವರು 1900ರ ಪ್ಯಾರಿಸ್ ಪ್ರದರ್ಶನದಲ್ಲಿ ತೋರಿಸಿದರು. ಇಂದು ಕೊರೆಯುವ ಬಿಟ್ಟುಗಳ ಮೇಲೆ ಕಾಣುವ 'ಎಚ್.ಎಸ್.ಎಸ್.' ಎಂಬ ಅಕ್ಷರಗಳು ಆ ವಂಶದವು.

ಹಾಗಾದರೆ ಅಂಗಡಿಯಲ್ಲಿ ನಾವು ಮಾಡಬೇಕಾದದ್ದೇನು? ಮುದ್ರೆಯನ್ನು ಓದಿ, ಕೈಯನ್ನೂ ನಂಬೋಣ. ಗರಗಸದ ಅಲಗನ್ನು ಮೆಲ್ಲನೆ ಬಾಗಿಸಿ ಬಿಟ್ಟರೆ ಅದು ಮತ್ತೆ ನೆಟ್ಟಗಾಗಬೇಕು. ಸುತ್ತಿಗೆಯ ಹಿಡಿಯಲ್ಲಿ ಮರದ ಎಳೆ ಉದ್ದಕ್ಕೆ ಓಡಿರಬೇಕು. ಉಳಿಯ ಬಾಯಂಚಿಗೆ ಅರ ತಾಗಿಸಿದರೆ ಅದು ಕಚ್ಚದೆ ಜಾರಬೇಕು. ಅಂಗಡಿಯವನು ಇದಕ್ಕೆ ಒಪ್ಪದಿದ್ದರೆ ಮೊದಲು ಒಂದನ್ನೇ ಕೊಂಡು ಮನೆಯಲ್ಲಿ ನೋಡೋಣ. ಹತ್ತು ಉಪಕರಣಗಳ ಹೊಳೆಯುವ ಪೆಟ್ಟಿಗೆಯನ್ನು ಒಮ್ಮೆಲೇ ತರುವ ಅವಸರ ಬೇಡ. ಹಿಂದಿನವರು ಕುಲುಮೆಯ ಮುಂದೆ ನಿಂತು ಕೇಳುತ್ತಿದ್ದ ಪ್ರಶ್ನೆಯನ್ನು ನಾವು ಅಂಗಡಿಯ ಮುಂದೆ ಕೇಳಲು ನಾಚಬೇಕಾಗಿಲ್ಲ.