ಉಷ್ಣವೆಂಬ ಹೆಸರು

ನಮ್ಮ ಮನೆಯಲ್ಲಿ ಉರಿಮೂತ್ರಕ್ಕೆ ಒಂದೇ ಕಾರಣ: ಉಷ್ಣ. ಅಮ್ಮ ಬಾರ್ಲಿ ನೀರು ಕುಡಿದು, ಎಳನೀರು ತರಿಸಿ, ಎರಡು ದಿನಕ್ಕೆ ಉರಿ ಇಳಿದರೆ ಸುಮ್ಮನಾಗುತ್ತಿದ್ದಳು. ತಿಂಗಳೆರಡು ಕಳೆದರೆ ಮತ್ತೆ ಅದೇ. ಡಾಕ್ಟರು ಗಂಡಸು, ಅವರೆದುರು ಹೇಳುವುದು ಹೇಗೆ?

ಈ 'ಉಷ್ಣ'ಕ್ಕೆ ಬಹುಪಾಲು ಕಾರಣವಾದ ಬ್ಯಾಕ್ಟೀರಿಯಾವನ್ನು ಥಿಯೊಡೋರ್ ಎಶೆರಿಷ್ 1885ರಲ್ಲೇ ಎಳೆಗೂಸುಗಳ ಮಲದಲ್ಲಿ ಕಂಡು ವರ್ಣಿಸಿದ್ದ. ಕರುಳಿನಲ್ಲಿ ತೆಪ್ಪಗಿರುವ ಅದು ಮೂತ್ರನಾಳ ಹತ್ತಿದರೆ ಉಪದ್ರವ. ಹೆಂಗಸರಲ್ಲಿ ಆ ನಾಳ ಗಿಡ್ಡ, ದಾರಿ ಹತ್ತಿರ. 1930ರ ದಶಕದಲ್ಲಿ ಸಲ್ಫಾ ಔಷಧಿಗಳು ಬಂದವು. 1953ರಲ್ಲಿ ಅಮೆರಿಕದಲ್ಲಿ ನೈಟ್ರೋಫ್ಯುರಾಂಟಾಯಿನ್ ಬಂತು. ಅದನ್ನು ಇಂದಿಗೂ ಕೊಡುತ್ತಾರೆ. ಆ ದಶಕದಲ್ಲೇ ಎಡ್ವರ್ಡ್ ಕ್ಯಾಸ್ ಮೂತ್ರದ ಒಂದು ಮಿಲಿಲೀಟರಿಗೆ 1,00,000 ಬ್ಯಾಕ್ಟೀರಿಯಾ ಎಂಬ ಗಡಿ ಹಾಕಿಕೊಟ್ಟ. ರೋಗವನ್ನು ಎಣಿಸಬಹುದು ಎಂದಾಯಿತು. ಆ ಸುದ್ದಿ ನಮ್ಮ ಅಡಿಗೆಮನೆಗೆ ಮಾತ್ರ ಬರಲಿಲ್ಲ.

1978ರ ಬೇಸಿಗೆಯಲ್ಲಿ ಅಮ್ಮನಿಗೆ ಚಳಿಜ್ವರ, ವಾಂತಿ, ಬೆನ್ನಿನ ಒಂದು ಪಕ್ಕೆಯಲ್ಲಿ ತಡೆಯಲಾರದ ನೋವು. ಮಲೇರಿಯ ಎಂದುಕೊಂಡು ಮೂರು ದಿನ ಕಳೆದೆವು. ಸೋಂಕು ಮೂತ್ರಪಿಂಡಕ್ಕೆ ಏರಿತ್ತು. ಹಳೆಯ ಚೀಟಿಯ ಮಾತ್ರೆಯನ್ನು ಅರ್ಧಕ್ಕೆ ಬಿಟ್ಟದ್ದೂ ಆಸ್ಪತ್ರೆಯಲ್ಲಿ ಹೊರಬಿತ್ತು, ಬೈಸಿಕೊಂಡಳು.

ಈಗಿನ ಲೆಕ್ಕದಲ್ಲಿ ಆರು ತಿಂಗಳಿಗೆ ಎರಡು ಸಲ ಅಥವಾ ವರ್ಷಕ್ಕೆ ಮೂರು ಸಲ ಬಂದರೆ ಅದು ಮರುಕಳಿಸುವ ಸೋಂಕು. ಮೂತ್ರದ ಕಲ್ಚರ್ ಮಾಡಿಸಿ ಔಷಧಿ ಆರಿಸಬೇಕು. ಜ್ವರ, ಪಕ್ಕೆನೋವು, ಮೂತ್ರದಲ್ಲಿ ರಕ್ತ ಕಂಡರೆ, ಬಸುರಿಯಾದರೆ ಬರೀ ಉರಿಯಿದ್ದರೂ, ಅದೇ ದಿನ ಡಾಕ್ಟರ ಬಳಿ ಹೋಗಬೇಕು.

ವರ್ಷಕ್ಕೆ ಎಷ್ಟು ಸಲ ಬರುತ್ತದೆ ಎಂದು ಅಂದು ಡಾಕ್ಟರು ಕೇಳಿದಾಗ ಅಮ್ಮ ಬೆರಳು ಮಡಿಸುತ್ತ ಹೋದಳು. ಐದಕ್ಕೆ ನಿಂತು, ನನ್ನ ಕಡೆ ನೋಡಿ, "ಇದನ್ನೆಲ್ಲ ಯಾರು ಎಣಿಸ್ತಾರೆ?" ಎಂದಳು.