ಲೂನಾ, ಲೈಸೆನ್ಸು ಮತ್ತು ಹದಿನಾರು ವರ್ಷ

ಮಗನಿಗೆ ಹದಿನಾರು ತುಂಬಿತು. ಕೇಕ್ ತಿಂದು ಮುಗಿಸೋ ಮೊದಲೇ ಬೇಡಿಕೆ ಬಂತು: 49 ಸಿಸಿಯ ಹಳೇ ಹೋಂಡಾ ಸ್ಕೂಟರ್ ಮಾರಾಟಕ್ಕಿದೆಯಂತೆ, ಬೇಕಂತೆ. "ಬರೀ ಮೊಪೆಡ್ ಅಪ್ಪಾ, ಅದಕ್ಯಾಕೆ ಅಷ್ಟು ಯೋಚನೆ?" ಅಂದ.

ಮೊಪೆಡ್ ಬಗ್ಗೆ ನನಗೇ ಪಾಠ! ಹಟಕ್ಕೆ ಕೂತು ಕ್ಯಾಲಿಫೋರ್ನಿಯಾದ ವಾಹನ ಕಾನೂನು ತೆಗೆದು ಓದಿದೆ. ನೋಡಿದರೆ ಅವನು ಕೇಳ್ತಿರೋದು ಮೊಪೆಡ್ಡೇ ಅಲ್ಲ. ಇಲ್ಲಿನ 406ನೇ ಸೆಕ್ಷನ್ ಪ್ರಕಾರ ಪೆಟ್ರೋಲ್ ಮೊಪೆಡ್ಡಿಗೆ ತುಳಿಯೋ ಪೆಡಲ್ ಇರಲೇಬೇಕು (ಬ್ಯಾಟರಿಯದಕ್ಕೆ ವಿನಾಯಿತಿ ಇದೆ). ಗೇರು ಹಾಕೋ ಕೆಲಸ ಇರಬಾರದು, ಇಂಜಿನ್ನು 4 ಹಾರ್ಸ್‌ಪವರ್‌ಗಿಂತ ಕಡಿಮೆ, ವೇಗ ಗಂಟೆಗೆ 30 ಮೈಲಿ ದಾಟಬಾರದು. ಅಂಥದ್ದಕ್ಕೆ ಎಂ2 ಲೈಸೆನ್ಸು ಸಾಕು. ಪೆಡಲ್ ಇಲ್ಲದ ಪೆಟ್ರೋಲ್ ಸ್ಕೂಟರಿಗೆ, ಇಂಜಿನ್ನು ಎಷ್ಟೇ ಪುಟ್ಟದಾಗಿರಲಿ, ಹಾರ್ಲಿ ಓಡಿಸೋರು ಪಡೆಯೋ ಎಂ1 ಲೈಸೆನ್ಸೇ ಬೇಕು. ಅಂದರೆ ನಮ್ಮಪ್ಪನ ಲೂನಾ ಇವತ್ತು ಸನ್ನಿವೇಲ್‌ಗೆ ಬಂದಿಳಿದರೆ ಅಪ್ಪಟ ಮೊಪೆಡ್, ಮಗನ ಹೋಂಡಾ ಅಲ್ಲ!

ಲೂನಾ ಪುಣೆಯ ಕೈನೆಟಿಕ್ ಇಂಜಿನಿಯರಿಂಗ್‌ನವರದ್ದು, 1972ರಲ್ಲಿ ಬಂದಿದ್ದು. ಇಟಲಿಯ ಪಿಯಾಜಿಯೊ ಕಂಪನಿಯ ಚಾವ್ ಅನ್ನೋ ಗಾಡಿ ಅದರ ಮೂಲ. 50 ಸಿಸಿ, ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕಬೇಕು. ಪ್ಲಗ್ಗಿಗೆ ಕರಿ ಹಿಡಿದು ನಿಂತರೆ ಪೆಡಲ್ ತುಳಿದುಕೊಂಡು ಮನೆ ಸೇರಬಹುದು. ತುಳಿದವರಿಗೆ ಗೊತ್ತು, ಅದಕ್ಕಿಂತ ತಳ್ಳಿಕೊಂಡು ಹೋಗೋದೇ ಸುಖ. 1980ರಲ್ಲಿ ನಮ್ಮ ಗಡಿಯಾಚೆಯ ಹೊಸೂರಿನಿಂದ ಟಿವಿಎಸ್ 50 ಬಂತು, ಇಬ್ಬರು ಕೂರಬಹುದಾದ ಮೊಪೆಡ್. ಇಬ್ಬರು ಅಂತ ಕಂಪನಿ ಹೇಳಿದ್ದು. ನಮ್ಮ ಅರಸೀಕೆರೆ ಕಡೆ ಅದರ ಮೇಲೆ ಗಂಡ, ಹೆಂಡತಿ, ಮಗು, ಮುಂದೆ ಒಂದು ಚೀಲ ತೆಂಗಿನಕಾಯಿ ಇಷ್ಟೂ ಹೋಗ್ತಿತ್ತು. ಮೈಸೂರಿನ ಜಾವಾ, ಯೆಜ್ಡಿ ಎಲ್ಲ ಅನುಕೂಲಸ್ಥರ ಗಾಡಿಗಳು. ಮೇಷ್ಟ್ರ ಮನೆಗೆ ಲೂನಾನೇ ಐರಾವತ.

1988ರಲ್ಲಿ ನನಗೆ ಹದಿನಾಲ್ಕು. ಅಪ್ಪ ಮಲಗಿದ್ದ ಒಂದು ಮಧ್ಯಾಹ್ನ ಚಿಕ್ಕಪ್ಪನ ಮಗನನ್ನ ಹಿಂದಿನ ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಹೊರಟೆ. ಕೆರೆ ಏರಿ ಇಳಿಯೋವಾಗ ಎಮ್ಮೆ ಅಡ್ಡ ಬಂತು. ನನಗೆ ಮೊಣಕಾಲು ತರಚಿತು, ಅಷ್ಟೇ. ಅವನ ತಲೆ ಕಲ್ಲಿಗೆ ಬಡಿಯಿತು. ಹಾಸನದ ಆಸ್ಪತ್ರೆಯಲ್ಲಿ ಹನ್ನೊಂದು ದಿನ. ಬದುಕಿದ, ಆದರೆ ಎಡಗಿವಿ ಹೋಯಿತು. ಇವತ್ತಿಗೂ ಫೋನನ್ನ ಬಲಗಿವಿಗೇ ಹಿಡೀತಾನೆ. ಚಿಕ್ಕಪ್ಪ ಪೊಲೀಸಿಗೆ ಹೋಗಲಿಲ್ಲ, ಯಾರೂ ಲೈಸೆನ್ಸಿನ ಮಾತೇ ಎತ್ತಲಿಲ್ಲ. ಅಪ್ಪ ಮಾತ್ರ ಎಂಟು ತಿಂಗಳು ಲೂನಾ ಮುಟ್ಟಲಿಲ್ಲ, ಸ್ಕೂಲಿಗೆ ನಡೆದೇ ಹೋದರು. ನನಗೆ ಒಂದು ಏಟು ಕೂಡ ಹೊಡೆಯಲಿಲ್ಲ. ಹೊಡೆದಿದ್ದರೆ ಚೆನ್ನಾಗಿತ್ತು.

ಆಗಿನ್ನೂ 1939ರ ಮೋಟಾರು ಕಾಯ್ದೆಯೇ ಜಾರಿಯಲ್ಲಿತ್ತು. 1988ರ ಹೊಸ ಕಾಯ್ದೆ 1989ರ ಜುಲೈ 1ರಿಂದ ಬಂದು, ಹದಿನಾರು ತುಂಬಿದವರು ಗೇರಿಲ್ಲದ ಗಾಡಿ ಓಡಿಸಬಹುದು ಅಂದಿತು. ಅಷ್ಟರಲ್ಲಿ ಕೈನೆಟಿಕ್ ಹೋಂಡಾ ಬಂದಾಗಿತ್ತು. 100 ಸಿಸಿ, ಗೇರಿಲ್ಲ! 1994ರಲ್ಲಿ ತಿದ್ದುಪಡಿ ಮಾಡಿ "ಗೇರಿಲ್ಲದ" ಅನ್ನೋದನ್ನ ತೆಗೆದು "50 ಸಿಸಿ ಮೀರದ" ಅಂತ ಬರೆದರು. ಆಮೇಲಿನ ಕತೆ ತಮಾಷೆಯಾಗಿದೆ. ನಿಯಮ ಉಳಿಯಿತು, 50 ಸಿಸಿ ಗಾಡಿಗಳು ಹೋದವು. 2015ರಲ್ಲಿ ಬಂದ ಟಿವಿಎಸ್ ಎಕ್ಸ್‌ಎಲ್ 100 ನೋಡಲು ಹಳೇ ಮೊಪೆಡ್ಡೇ, ಆದರೆ 99.7 ಸಿಸಿ. ಹದಿನಾರರ ಹುಡುಗರು 110 ಸಿಸಿ ಸ್ಕೂಟರುಗಳಲ್ಲಿ ಟ್ಯೂಷನ್ನಿಗೆ ಹೋಗೋದು ಮಾತ್ರ ನಿಲ್ಲಲಿಲ್ಲ. 2019ರ ಸೆಪ್ಟೆಂಬರಿನಿಂದ 199ಎ ಸೆಕ್ಷನ್ ಬಂತು: ಅಪ್ರಾಪ್ತ ಮಕ್ಕಳು ಹೀಗೆ ಓಡಿಸಿ ತಪ್ಪು ಮಾಡಿದರೆ ಪೋಷಕರಿಗೆ ಅಥವಾ ಗಾಡಿ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಓದಿದಾಗ ನೆನಪಾಗಿದ್ದು ಆ ಎಂಟು ತಿಂಗಳು ನಡೆದ ಅಪ್ಪ.

ಇಲ್ಲಿ ಬಂದ ಹೊಸದರಲ್ಲಿ ನಾನೂ ಎಂ1 ಪರೀಕ್ಷೆಗೆ ಹೋಗಿದ್ದೆ. ಊರಲ್ಲಿ ಎಂಟು ಹಾಕಿ ಪಾಸಾದವನು, ಅದೂ ಅರ್ಧ ಎಂಟು ಹಾಕುವಷ್ಟರಲ್ಲೇ "ಸಾಕು ಹೋಗಪ್ಪ" ಅನ್ನಿಸಿಕೊಂಡವನು. ಡಿಎಂವಿ ಮೈದಾನದಲ್ಲಿ ಬರೆದಿದ್ದು ದುಂಡನೆಯ ಸುತ್ತು, ಎರಡು ಗೆರೆ ಮಧ್ಯೆ ನಿಧಾನಕ್ಕೆ ಸುತ್ತಬೇಕು. ಎರಡನೇ ಸುತ್ತಿಗೇ ಕಾಲೂರಿದೆ. ಫೇಲ್! ಆಮೇಲೆ ವಾರಾಂತ್ಯದ ತರಬೇತಿಗೆ ಸೇರಿ, ನನ್ನ ಅರ್ಧ ವಯಸ್ಸಿನ ಹುಡುಗಿಯಿಂದ ಬ್ರೇಕ್ ಹಿಡಿಯೋದು ಕಲಿತೆ. ಇಪ್ಪತ್ತು ವರ್ಷ ಓಡಿಸಿದ ಮೇಲೆ!

ಇಪ್ಪತ್ತೊಂದರೊಳಗಿನವರಿಗೆ ಇಲ್ಲಿ ಆ ತರಬೇತಿ ಕಡ್ಡಾಯ. ಪರ್ಮಿಟ್ ಆರು ತಿಂಗಳು ಇಟ್ಟುಕೊಂಡಿರಬೇಕು, ಅಷ್ಟು ದಿನ ರಾತ್ರಿ ಓಡಿಸೋ ಹಾಗಿಲ್ಲ, ಫ್ರೀವೇ ಹತ್ತೋ ಹಾಗಿಲ್ಲ, ಹಿಂದೆ ಯಾರನ್ನೂ ಕೂರಿಸೋ ಹಾಗಿಲ್ಲ. ಹೆಲ್ಮೆಟ್ಟಂತೂ 1992ರಿಂದ ಎಲ್ಲರಿಗೂ ಇದ್ದದ್ದೇ. ಈ "ಹಿಂದೆ ಯಾರನ್ನೂ" ಅನ್ನೋ ಸಾಲನ್ನ ಮಗನಿಗೆ ಎರಡು ಸಲ ಓದಿ ಹೇಳಿದೆ. "ಗೊತ್ತಪ್ಪಾ" ಅಂದ. ಅವನಿಗೆ ಚಿಕ್ಕಪ್ಪನ ಕಿವಿ ಕೇಳಿಸಲ್ಲ ಅನ್ನೋದು ಗೊತ್ತು, ಯಾಕೆ ಅನ್ನೋದು ಇಷ್ಟು ವರ್ಷ ಹೇಳಿರಲಿಲ್ಲ. ಅವತ್ತು ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀನು ಅವರ ಹತ್ರ ಸಾರಿ ಕೇಳಿದ್ಯಾ?" ಅಂದ.

ಅರ್ಜಿಗೆ ಅಪ್ಪ ಅಮ್ಮ ಸಹಿ ಹಾಕಬೇಕು. ಹಾಕಿದರೆ ಅವನು ಮಾಡೋ ನಷ್ಟಕ್ಕೆ ನಾವು ಹೊಣೆ. ನನ್ನಾಕೆಯದ್ದು ಆಗಿದೆ. ನನ್ನದು ಬಾಕಿ. ಈ ಭಾನುವಾರ ಮೊದಲು ಅರಸೀಕೆರೆಗೆ ಫೋನ್ ಮಾಡಬೇಕು.