ಮೇಲ್ಮಟ್ಟದ ತಂಡದ ಸ್ವಭಾವ ಮತ್ತು ಕಂಪನಿಯ ಸಾಧನೆ: ಇನ್ಫೋಸಿಸ್ ನಿದರ್ಶನ, ಕಲಬುರಗಿಯ ನೆಲೆಯಿಂದ

ಕಂಪನಿಯ ಏಳುಬೀಳುಗಳನ್ನೆಲ್ಲ ಅದರ ಮುಖ್ಯಸ್ಥರೊಬ್ಬರ ತಲೆಗೆ ಕಟ್ಟುವ ರೂಢಿ ನಮ್ಮಲ್ಲಿದೆ. ಸಂಶೋಧಕರಾದ ಹ್ಯಾಂಬ್ರಿಕ್ ಮತ್ತು ಮೇಸನ್ 1984ರಲ್ಲೇ ಇದಕ್ಕಿಂತ ಮುಂದೆ ಹೋಗಿ, ಸಂಸ್ಥೆಯ ನಿರ್ಧಾರಗಳಲ್ಲಿ ಮೇಲ್ಮಟ್ಟದ ಇಡೀ ತಂಡದ ಅನುಭವ, ಮೌಲ್ಯಗಳು ಮೂಡಿರುತ್ತವೆ ಎಂದು ವಾದಿಸಿದರು. ಆದರೆ ಸ್ವಭಾವ ಫಲ ಕೊಡಬೇಕಾದರೆ ನಿರ್ಧಾರಕ್ಕೆ ಎಡೆ ಇರಬೇಕು.

ಕಲಬುರಗಿ ಹತ್ತಿರದ ತಾಜಸುಲ್ತಾನಪುರದ ಸುತ್ತಲಿನ ತೊಗರಿಯನ್ನು ಬೇಳೆ ಮಾಡುವ ದಾಲ್ ಮಿಲ್ಲನ್ನೇ ನೋಡೋಣ. ತೊಗರಿಯನ್ನು ಜರಡಿ ಹಿಡಿದು, ಎಣ್ಣೆ-ನೀರು ಸವರಿ, ಒಣಗಿಸಿ, ಸಿಪ್ಪೆ ತೆಗೆದು ಒಡೆಯುವ ಕೆಲಸದಲ್ಲಿ ಮಾಲೀಕರ ಸ್ವಭಾವ ಕಾಣಿಸುವುದು ಮುಖ್ಯವಾಗಿ ಎರಡೇ ಕಡೆ: ಮಾಲು ಯಾವಾಗ ಕೊಳ್ಳಬೇಕು, ಎಷ್ಟು ದಿನ ಇಟ್ಟುಕೊಳ್ಳಬೇಕು. ಉಳಿದದ್ದನ್ನು ಮಳೆ, ಬೆಂಬಲ ಬೆಲೆ, ಮ್ಯಾನ್ಮಾರ್ ಮತ್ತು ಆಫ್ರಿಕಾದ ಆಮದು, ಸರ್ಕಾರದ ದಾಸ್ತಾನು ಮಿತಿ ತೀರ್ಮಾನಿಸುತ್ತವೆ. ಸಾಫ್ಟ್‌ವೇರ್ ಉದ್ಯಮದಲ್ಲಿ ಈ ಎಡೆ ಬಹಳ ವಿಶಾಲ; ಇನ್ಫೋಸಿಸ್ ಅದಕ್ಕೆ ನಿದರ್ಶನ.

1981ರಲ್ಲಿ ಏಳು ಮಂದಿ ಕಟ್ಟಿದ ಇನ್ಫೋಸಿಸ್‌ನಲ್ಲಿ ನಾರಾಯಣಮೂರ್ತಿ, ನಂದನ್ ನಿಲೇಕಣಿ, ಕ್ರಿಸ್ ಗೋಪಾಲಕೃಷ್ಣನ್, ಶಿಬುಲಾಲ್ ಒಬ್ಬರ ನಂತರ ಒಬ್ಬರು ಚುಕ್ಕಾಣಿ ಹಿಡಿದರು. ಆಳು ಬದಲಾದರೂ ಜತೆಯಾಗಿ ಬೆಳೆದ ತಂಡದ ನಡಾವಳಿ ಬದಲಾಗಲಿಲ್ಲ. 2014ರ ಆಗಸ್ಟ್‌ನಲ್ಲಿ ಮುಖ್ಯಸ್ಥರಾಗಿ ಹೊರಗಿನಿಂದ ಬಂದ ವಿಶಾಲ್ ಸಿಕ್ಕಾ 2020ರೊಳಗೆ 2,000 ಕೋಟಿ ಡಾಲರ್ ಆದಾಯದ ಗುರಿಯಿಟ್ಟು, 2015ರಲ್ಲಿ ಇಸ್ರೇಲಿನ ಪನಾಯಾವನ್ನು ಸುಮಾರು 20 ಕೋಟಿ ಡಾಲರಿಗೆ ಕೊಂಡರು. ಆ ಖರೀದಿ, ಸಿಕ್ಕಾ ಅವರ ವೇತನ ಏರಿಕೆ, ಮಾಜಿ ಹಣಕಾಸು ಮುಖ್ಯಸ್ಥರಿಗೆ ಕಂಪನಿ ಬಿಡುವಾಗ ಕೊಟ್ಟ ಹಣ, ಎಲ್ಲವೂ ಸಂಸ್ಥಾಪಕರ ಆಕ್ಷೇಪಕ್ಕೆ ಗುರಿಯಾದವು. 2017ರ ಆಗಸ್ಟ್ 18ರಂದು ಸಿಕ್ಕಾ ರಾಜೀನಾಮೆ ಕೊಟ್ಟರು. ಅಂದೇ ಷೇರು ಸುಮಾರು ಶೇ 10ರಷ್ಟು ಕುಸಿಯಿತು.

ಇಷ್ಟನ್ನೇ ನೋಡಿದರೆ ಸ್ವಭಾವಗಳ ಘರ್ಷಣೆ ಕಂಪನಿಯನ್ನು ಕೆಡಿಸಿತು ಎನ್ನಬೇಕಾಗುತ್ತದೆ. ಲೆಕ್ಕಪತ್ರ ಬೇರೆ ಮಾತು ಹೇಳುತ್ತದೆ: 2014-15ರಲ್ಲಿ ಸುಮಾರು 870 ಕೋಟಿ ಡಾಲರ್ ಇದ್ದ ವರಮಾನ 2016-17ಕ್ಕೆ 1,000 ಕೋಟಿ ದಾಟಿತ್ತು. ಜಗಳದ ಪೆಟ್ಟು ಮೊದಲು ಬಿದ್ದದ್ದು ವರಮಾನಕ್ಕಲ್ಲ, ವಿಶ್ವಾಸಕ್ಕೆ. ರಾಜೀನಾಮೆಯ ಕೆಲವೇ ದಿನಗಳಲ್ಲಿ ನಿಲೇಕಣಿ ಅಧ್ಯಕ್ಷರಾಗಿ ಮರಳಿದರು, 2018ರ ಜನವರಿಯಲ್ಲಿ ಸಲೀಲ್ ಪಾರೇಖ್ ಮುಖ್ಯಾಧಿಕಾರಿಯಾಗಿ ಅಧಿಕಾರ ವಹಿಸಿಕೊಂಡರು.

ಚಟರ್ಜಿ ಮತ್ತು ಹ್ಯಾಂಬ್ರಿಕ್ 2007ರಲ್ಲಿ ಕಂಪ್ಯೂಟರ್ ಉದ್ಯಮದ 111 ಮುಖ್ಯಾಧಿಕಾರಿಗಳನ್ನು ಅಭ್ಯಸಿಸಿದಾಗ, ಆತ್ಮಮೋಹ ಹೆಚ್ಚಿರುವ ಕಡೆ ಕಂಪನಿ ಖರೀದಿಗಳೂ ಫಲಿತಾಂಶದ ಏರಿಳಿತವೂ ಹೆಚ್ಚಿದ್ದವು; ಒಟ್ಟಾರೆ ಸಾಧನೆ ಮಾತ್ರ ಉತ್ತಮವೂ ಆಗಿರಲಿಲ್ಲ, ಕಳಪೆಯೂ ಆಗಿರಲಿಲ್ಲ. ಪೀಟರ್‌ಸನ್ ಮತ್ತು ಸಂಗಡಿಗರು 2003ರಲ್ಲಿ 17 ಮುಖ್ಯಸ್ಥರನ್ನು ಅಭ್ಯಸಿಸಿ, ಮುಖ್ಯಸ್ಥರ ವ್ಯಕ್ತಿತ್ವ ತಂಡದ ಒಳಸಂಬಂಧಗಳ ಮೂಲಕ ಸಾಧನೆಗೆ ತಲುಪುತ್ತದೆಂದು ತೋರಿಸಿದರು. ಇನ್ಫೋಸಿಸ್‌ಗೆ ಹೆಚ್ಚು ಹೊಂದುವುದು ಈ ಎರಡನೆಯ ಮಾತೇ ಎಂದು ನನ್ನ ದೃಢ ಅಭಿಪ್ರಾಯ. ಅಲ್ಲಿ ಕೊರತೆಯಾದದ್ದು ಪ್ರತಿಭೆಯಲ್ಲ. ಹಳಬರ ಮತ್ತು ಹೊಸಬರ ನಡುವಿನ ಹೊಂದಾಣಿಕೆ.

ಕಲಬುರಗಿಯ ಸಂಶೋಧಕರಲ್ಲಿ ಒಂದು ವಿನಂತಿ: ಅಣ್ಣತಮ್ಮಂದಿರು ಕೂಡಿ ನಡೆಸುವ ನಮ್ಮ ದಾಲ್ ಮಿಲ್‌ಗಳ ಖಾತೆ ಕಿರ್ದಿಯ ಜತೆಗೆ, ಅವರೊಳಗೆ ನಿರ್ಧಾರ ಹೇಗೆ ಆಗುತ್ತದೆ ಎಂಬುದನ್ನೂ ದಾಖಲಿಸಿ.